ಸೀಗಿ ಹುಣ್ಣಿಮೆಯ ಚರಗ: ಮನೆಮಂದಿಯೆಲ್ಲ ಕೂಡಿ ಹೊಲ ನೋಡುವ ದಿನ

ಆಶ್ವೀಜ ಮಾಸದ ಹುಣ್ಣಿಮೆಯನ್ನು ನಮ್ಮ ಭಾಗದಲ್ಲಿ ಸೀಗಿ ಹುಣ್ಣಿಮೆ ಎನ್ನುತ್ತಾರೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ಒಕ್ಕಲು ಮನೆತನಗಳು ಅಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತವೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಹೊಲದ ಸುತ್ತ ಚರಗ ಚೆಲ್ಲಿ, ಎಲ್ಲರೂ ಕೂಡಿ ಉಣ್ಣುತ್ತಾರೆ. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿ ಪಲ್ಯ, ಗುರೆಳ್ಳು ಚಟ್ನಿ, ಮೊಸರನ್ನ ಇವು ಆ ದಿನದ ಊಟ. ಮಲೆನಾಡಿನಲ್ಲಿ ಇದೇ ಹಬ್ಬಕ್ಕೆ ಭೂಮಿ ಹುಣ್ಣಿಮೆ ಎಂಬ ಹೆಸರುಂಟು. ಬಸುರಿ ಮಗಳಿಗೆ ಕುಬಸ ಮಾಡಿದಂತೆ, ಪೈರು ಹೊತ್ತ ಭೂತಾಯಿಗೆ ಬಯಕೆಯ ಊಟ ಬಡಿಸುವುದು ಇದರ ಭಾವನೆ.

ಈ ಹಬ್ಬದಲ್ಲಿ ಇನ್ನೊಂದು ಅನುಕೂಲವಿದೆ. ಅಜ್ಜ, ಅಜ್ಜಿ, ಸೊಸೆ, ಶಾಲೆಗೆ ಹೋಗುವ ಮಕ್ಕಳು, ಹುಬ್ಬಳ್ಳಿಯಲ್ಲಿ ನೌಕರಿ ಮಾಡುವ ಮಗ ಎಲ್ಲರೂ ಒಟ್ಟಿಗೆ ಹೊಲದಲ್ಲಿರುವ ದಿನಗಳು ವರ್ಷದಲ್ಲಿ ಬಹಳ ಕಡಿಮೆ. ಬೆಳೆಯ ಸ್ಥಿತಿಯನ್ನು ಸಾಮಾನ್ಯವಾಗಿ ಮನೆಯ ಒಬ್ಬ ಯಜಮಾನ ಮಾತ್ರ ಬಲ್ಲ. ಕಳೆ ತೆಗೆಯುವ, ಹತ್ತಿ ಬಿಡಿಸುವ ಹೆಣ್ಣುಮಕ್ಕಳು ಕಂಡದ್ದು ಎಷ್ಟೋ ಸಲ ಅವರಲ್ಲೇ ಉಳಿಯುತ್ತದೆ. ಆದ್ದರಿಂದ ಊಟದ ನಂತರ ಒಂದು ತಾಸು ಎಲ್ಲರೂ ಕೂಡಿ ಹೊಲ ಸುತ್ತಿ ಲೆಕ್ಕ ಹಾಕಿದರೆ ಹಬ್ಬದ ಸಂತೋಷ ಕುಂದದು, ಬೆಳೆಗೂ ಲಾಭವಾಗುವುದು.

ಹುಣ್ಣಿಮೆ ಯಾವ ಮಳೆಯಲ್ಲಿ ಬಂತು?

ಸೀಗಿ ಹುಣ್ಣಿಮೆ ಪ್ರತಿ ವರ್ಷ ಒಂದೇ ತಾರೀಖಿಗೆ ಬರುವುದಿಲ್ಲ. ಅಧಿಕ ಶ್ರಾವಣ ಬಂದಿದ್ದ 2023ರಲ್ಲಿ ಅದು ಅಕ್ಟೋಬರ್ 28ಕ್ಕೆ ಬಂದಿತ್ತು. 2025ರಲ್ಲಿ ಅಕ್ಟೋಬರ್ 6–7ಕ್ಕೇ ಬಂತು. ಮೂರು ವಾರಗಳ ಅಂತರ! ಹುಣ್ಣಿಮೆ ಚಂದ್ರನ ಲೆಕ್ಕ; ರೈತರ ಮಳೆ ನಕ್ಷತ್ರಗಳು ಸೂರ್ಯನ ಲೆಕ್ಕ. ಹಸ್ತ ಮಳೆ ಸೆಪ್ಟೆಂಬರ್ ಕೊನೆಗೆ ಹೂಡುತ್ತದೆ, ಚಿತ್ತಿ ಅಕ್ಟೋಬರ್ 10ರ ಸುಮಾರಿಗೆ, ಸ್ವಾತಿ 24ರ ಸುಮಾರಿಗೆ. ಹಾಗಾಗಿ 2023ರ ಹುಣ್ಣಿಮೆ ಸ್ವಾತಿಯಲ್ಲಿ, 2025ರದು ಹಸ್ತದಲ್ಲಿ ಬಿದ್ದಿತು.

ಇದರಿಂದ ತಿಳಿಯಬೇಕಾದ ಮಾತು ಒಂದೇ. “ಸೀಗಿ ಹುಣ್ಣಿಮೆ ಆದ ಮೇಲೆ ನೋಡಿದರಾಯಿತು” ಎಂದು ಕೆಲಸ ಮುಂದೂಡಬಾರದು. ಪೂಜೆಗೆ ಪಂಚಾಂಗ ಸರಿ. ಪೈರಿನ ವಯಸ್ಸನ್ನು ಬಿತ್ತಿದ ದಿನದಿಂದಲೇ ಎಣಿಸಬೇಕು. ಬಿತ್ತಿದ ತಾರೀಖನ್ನು ಮಕ್ಕಳ ಕೈಯಿಂದ ಒಂದು ವಹಿಯಲ್ಲಿ ಬರೆಸಿಡಿರಿ.

ಹೊರಡುವ ಮುನ್ನ ಎಚ್ಚರಿಕೆ

ಮಕ್ಕಳನ್ನು ಕರೆದುಕೊಂಡು ಹೋಗುವ ಹೊಲಕ್ಕೆ ಆ ವಾರದಲ್ಲಿ ಔಷಧ ಹೊಡೆದಿರಬಾರದು. ಹೊಡೆದಿದ್ದರೆ ಪೂಜೆಯನ್ನು ಬೇರೆ ಹೊಲದಲ್ಲಿ ಮಾಡಿರಿ. ಅಂಥ ಹೊಲದ ಸೊಪ್ಪು, ಸವತಿಕಾಯಿ, ಹಸಿ ಕಾಯಿಗಳನ್ನು ಕಿತ್ತು ತಿನ್ನಬಾರದು. ಔಷಧದ ಡಬ್ಬಿಯ ಮೇಲಿನ ಕೆಂಪು ತ್ರಿಕೋನ ಅತಿ ಹೆಚ್ಚಿನ ವಿಷವನ್ನು ಸೂಚಿಸುತ್ತದೆ. ನಂತರ ಹಳದಿ, ನೀಲಿ, ಹಸಿರು. ಹಸಿರು ಎಂದರೆ ವಿಷವೇ ಇಲ್ಲ ಎಂದು ಅರ್ಥವಲ್ಲ. ಖಾಲಿ ಡಬ್ಬಿಗಳನ್ನು ಎಷ್ಟು ತೊಳೆದರೂ ಕುಡಿಯುವ ನೀರಿಗೆ ಬಳಸಕೂಡದು.

ಎತ್ತುಗಳ ಕಡೆಗೂ ಗಮನವಿರಲಿ. ಕೊಲ್ಲಾರಿ ಬಂಡಿ ಹೂಡಿಕೊಂಡು ಹೋದವರು ಕೊಳ್ಳು ಹರಿದು ಎತ್ತುಗಳನ್ನು ಬದುವಿನ ಮೇಲೆ ಬಿಡುವುದು ವಾಡಿಕೆ. ಎಳೆಯ ಜೋಳದಲ್ಲಿ ಸೈನೈಡ್ ಎಂಬ ವಿಷಾಂಶ ಹುಟ್ಟುತ್ತದೆ. ತೇವ ಕಡಿಮೆಯಾಗಿ ಬಾಡಿದ ಪೈರಿನಲ್ಲಿ ಇದು ಇನ್ನೂ ಹೆಚ್ಚು. ಹಸಿದ ಎತ್ತು ಅಂಥ ಜೋಳಕ್ಕೆ ಬಾಯಿ ಹಾಕಿದರೆ ಕೆಲವೇ ನಿಮಿಷಗಳಲ್ಲಿ ಸಾಯಬಹುದು. ಎತ್ತುಗಳನ್ನು ಕಟ್ಟಿಯೇ ಹಾಕಿ, ಮನೆಯಿಂದ ಒಯ್ದ ಒಣ ಮೇವು ಹಾಕಿರಿ.

ಕೃಷಿ ಹೊಂಡ ಇರುವ ಹೊಲಗಳಲ್ಲಿ ಮಕ್ಕಳ ಮೇಲೆ ಕಣ್ಣಿರಲಿ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಒಣ ಬೇಸಾಯದ ಹೊಲಗಳಲ್ಲಿ ಹೊಂಡಗಳು ಹೆಚ್ಚಿವೆ. ಹಸಿ ಎರೆಮಣ್ಣಿನ ದಂಡೆಯೂ ಪ್ಲಾಸ್ಟಿಕ್ ಹಾಳೆ ಹಾಸಿದ ದಂಡೆಯೂ ಬಲು ಜಾರುತ್ತವೆ. ಜಾರಿ ಬಿದ್ದವರಿಗೆ ಮೇಲೇರಲು ಹಿಡಿತ ಸಿಗುವುದಿಲ್ಲ. ಸುತ್ತ ಬೇಲಿ ಇರಬೇಕು. ಗಂಟು ಹಾಕಿದ ದಪ್ಪ ಹಗ್ಗವೊಂದನ್ನು ಗಟ್ಟಿ ಗೂಟಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಡಬೇಕು. ಟ್ರ್ಯಾಕ್ಟರಿನಲ್ಲಿ ಹೋಗುವವರು ಟ್ರೇಲರಿನ ಅಂಚಿನ ಮೇಲೆ ಮಕ್ಕಳನ್ನು ಕೂಡಿಸಬಾರದು.

ಒಂದು ತಾಸಿನ ಹೊಲದ ಸುತ್ತು

ಒಂದು ಮೀಟರ್ ಉದ್ದದ ಕೋಲು, ವಹಿ, ಪೆನ್ಸಿಲ್ ಮತ್ತು ಒಂದಿಷ್ಟು ಕೆಂಪು ದಾರ ಸಾಕು.

ಜೋಳ ಮತ್ತು ಕಡಲೆ: ಇದು ಮಕ್ಕಳ ಕೆಲಸ. ಸಾಲಿನ ಗುಂಟ ಕೋಲು ಇಟ್ಟು ಒಂದು ಮೀಟರಿನಲ್ಲಿ ಎಷ್ಟು ಸಸಿಗಳಿವೆ ಎಂದು ಎಣಿಸಬೇಕು. ಹೀಗೆ ಹೊಲದ ಹತ್ತು ಕಡೆ ಎಣಿಸಿ ಸರಾಸರಿ ತೆಗೆಯಬೇಕು. ಹಿಂಗಾರಿ ಜೋಳಕ್ಕೆ ಸಾಲಿನಿಂದ ಸಾಲಿಗೆ 45 ಸೆಂ.ಮೀ., ಸಸಿಯಿಂದ ಸಸಿಗೆ 15 ಸೆಂ.ಮೀ. ಅಂತರ; ಎಂದರೆ ಮೀಟರಿಗೆ 6–7 ಸಸಿಗಳು. ಕಡಲೆಗೆ 30 ಮತ್ತು 10 ಸೆಂ.ಮೀ. ಅಂತರ, ಮೀಟರಿಗೆ 10 ಸಸಿಗಳು. ಜೋಳ ಇದಕ್ಕಿಂತ ದಟ್ಟವಾಗಿದ್ದರೆ ಬಿತ್ತಿದ 15–20 ದಿನಗಳೊಳಗೆ ಹೆಚ್ಚಿನ ಸಸಿಗಳನ್ನು ಕಿತ್ತು ತೆಳುಗೊಳಿಸಬೇಕು. ಸುಳಿ ಒಣಗಿದ ಸಸಿಗಳನ್ನು ಮೊದಲು ಕೀಳಿರಿ. ಅದು ಸುಳಿನೊಣದ ಲಕ್ಷಣ. ಕಿತ್ತ ಸಸಿಗಳನ್ನು ದನಗಳಿಗೆ ಹಾಕಬಾರದು ಎಂಬುದನ್ನು ಮತ್ತೆ ನೆನಪಿಡಿರಿ. ಎರೆಭೂಮಿ ಬಿರುಕು ಬಿಡತೊಡಗಿದ್ದರೆ ಎಡೆಕುಂಟೆ ಹೊಡೆದು ಬಿರುಕು ಮುಚ್ಚಬೇಕು. ಹಿಂಗಾರಿ ಬೆಳೆಗೆ ನೆಲದೊಳಗಿನ ತೇವವೇ ಬಂಡವಾಳ.

ಹುಣ್ಣಿಮೆ ಹಸ್ತದಲ್ಲಿ ಬಂದು ಬಿತ್ತನೆ ಇನ್ನೂ ಉಳಿದಿದ್ದರೆ, ಒಂದು ವಾರ ಮೊದಲೇ ಮನೆಯಲ್ಲಿ ಬೀಜದ ಪರೀಕ್ಷೆ ಮಾಡಿರಿ. 100 ಬೀಜಗಳನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು, ಒಣಗದಂತೆ ನೀರು ಚಿಮುಕಿಸುತ್ತಿರಬೇಕು. ಮೊಳೆತವುಗಳನ್ನು ಮಕ್ಕಳು ಎಣಿಸಲಿ. ಜೋಳದಲ್ಲಿ 75, ಕಡಲೆಯಲ್ಲಿ 85ಕ್ಕಿಂತ ಕಡಿಮೆ ಮೊಳೆತರೆ ಆ ಬೀಜ ಬಿತ್ತನೆಗೆ ತಕ್ಕದ್ದಲ್ಲ.

ಹತ್ತಿ: ಇದನ್ನು ಹೆಣ್ಣುಮಕ್ಕಳ ಕೈಗೆ ಬಿಡಿರಿ, ಹತ್ತಿ ಬಿಡಿಸುವವರ ಕಣ್ಣು ಚುರುಕು. ಅರಳದೆ ಗುಲಾಬಿಯಂತೆ ಮುದುಡಿದ ಹೂಗಳಿವೆಯೇ ನೋಡಬೇಕು. 20 ಗಿಡಗಳಿಂದ ಒಂದೊಂದು ಹಸಿರು ಕಾಯಿ ಕಿತ್ತು ಒಡೆದು ನೋಡಬೇಕು. ಗುಲಾಬಿ ಕಾಯಿಕೊರಕ ಒಳಗಿದ್ದರೂ ಕಾಯಿ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. 20ರಲ್ಲಿ 2 ಕಾಯಿಗಳಲ್ಲಿ ಹುಳು ಕಂಡರೆ ಹತೋಟಿಗೆ ತಡ ಮಾಡಬಾರದು. ಬಿಟಿ ಹತ್ತಿ ಎಂದು ನಂಬಿ ಕೂಡುವಂತಿಲ್ಲ. ಈ ಹುಳು ಬಿಟಿಯನ್ನು ತಾಳಿಕೊಳ್ಳುವ ಶಕ್ತಿ ಪಡೆದಿದೆ.

ಮೆಣಸಿನಕಾಯಿ: ಕುಂದಗೋಳ ಭಾಗದ ಬ್ಯಾಡಗಿ ಮೆಣಸಿನಕಾಯಿ ಹೊಲಗಳಲ್ಲಿ ಇದು ಬೀಜದ ಗಿಡ ಆರಿಸಲು ಒಳ್ಳೆಯ ಸಮಯ. ಎಲೆ ಮುಟುರದ, ಕಾಯಿ ಹೆಚ್ಚು ಹಿಡಿದ, ತಳಿಯ ಗುಣವುಳ್ಳ ಗಿಡಗಳಿಗೆ ಕೆಂಪು ದಾರ ಕಟ್ಟಿರಿ. ಹಣ್ಣಾದಾಗ ಆ ಗಿಡಗಳ ಕಾಯಿಗಳನ್ನು ಬೇರೆಯಾಗಿಯೇ ಬಿಡಿಸಿ ಒಣಗಿಸಬೇಕು. ಕಣದಲ್ಲಿ ರಾಶಿಯಿಂದ ಚೆಂದದ ಕಾಯಿ ಆರಿಸಿದರೆ ಗಿಡದ ಗುಣ ತಿಳಿಯುವುದಿಲ್ಲ. ರೋಗದ ಗಿಡದಲ್ಲಿಯೂ ನಾಲ್ಕು ಒಳ್ಳೆಯ ಕಾಯಿಗಳು ಇರಬಹುದು. ಮೆಣಸಿನಕಾಯಿಯಲ್ಲಿ ಪರಕೀಯ ಪರಾಗಸ್ಪರ್ಶವಾಗುವುದರಿಂದ, ಬೇರೆ ತಳಿಯ ಹೊಲಕ್ಕೆ ಹೊಂದಿದ ಬದುವಿನ ಗಿಡಗಳನ್ನು ಬಿಟ್ಟು ಹೊಲದ ನಡುವಿನ ಗಿಡಗಳನ್ನು ಆರಿಸುವುದು ಲೇಸು.

ಭತ್ತ: ಕಲಘಟಗಿಯ ಅರೆಮಲೆನಾಡಿನಲ್ಲಿ ಭತ್ತ ಈಗ ಹೊಡೆಯಲ್ಲಿ ಇಲ್ಲವೆ ತೆನೆಯಲ್ಲಿ ಇರುತ್ತದೆ. ಒಳಗೆ ತುಳಿಯದೆ ಬದುವಿನ ಮೇಲಿಂದಲೇ ನೋಡಿರಿ. ಎತ್ತರ, ತೆನೆಯ ಬಣ್ಣ ಅಥವಾ ಕಾಳಿನ ಆಕಾರ ಬೇರೆಯಾಗಿರುವ ಬೆರಕೆ ಗಿಡಗಳನ್ನು ಗುರುತಿಸಿ, ಬೀಜಕ್ಕೆಂದು ಬಿಟ್ಟ ಮಡಿಯಿಂದ ಮರುದಿನ ಕಿತ್ತು ಹಾಕಬೇಕು.

ಚರಗ ಮತ್ತು ಹಕ್ಕಿಗಳು

ಚರಗ ಚೆಲ್ಲುವುದರಿಂದಲೇ ಹುಳುಗಳು ಹೋಗುತ್ತವೆ ಎಂದು ಹೇಳಲಾಗದು. ಆದರೆ ಚರಗದ ಅನ್ನಕ್ಕೆ ಹಕ್ಕಿಗಳು ಬರುವುದನ್ನು ಎಲ್ಲರೂ ಕಂಡಿದ್ದೇವೆ. ಒಂದು ದಿನ ಬಂದ ಹಕ್ಕಿ ದಿನವೂ ಬರಬೇಕಾದರೆ ಅದಕ್ಕೆ ಕೂಡಲು ಸ್ಥಳ ಬೇಕು. ಎಕರೆಗೆ ಸುಮಾರು 20 ಕವಲೊಡೆದ ಒಣ ಟೊಂಗೆಗಳನ್ನು, ಬೆಳೆಗಿಂತ ಒಂದು ಮೊಳ ಎತ್ತರವಾಗಿರುವಂತೆ ಕಡಲೆ ಮತ್ತು ಹತ್ತಿ ಹೊಲಗಳಲ್ಲಿ ನೆಡಿರಿ. ಅವುಗಳ ಮೇಲೆ ಕೂಡುವ ಕಾಜಾಣ, ಗೊರವಂಕಗಳು ಕಾಯಿಕೊರಕದ ಹುಳುಗಳನ್ನು ಆರಿಸಿ ತಿನ್ನುತ್ತವೆ. ಚರಗ ಚೆಲ್ಲಿದ ಕೂಡಲೆ ಮಕ್ಕಳಿಂದ ಈ ಟೊಂಗೆಗಳನ್ನು ನೆಡಿಸಿದರೆ ಅವರಿಗೂ ಹಬ್ಬದ ಅರ್ಥ ಮನದಟ್ಟಾಗುವುದು.

ವಹಿಯ ಲೆಕ್ಕ ಮುಂದುವರಿಯಲಿ

ಸುತ್ತು ಮುಗಿದ ಮೇಲೆ ಬನ್ನಿಯ ನೆರಳಿನಲ್ಲಿ ಕೂತು ಕಂಡದ್ದನ್ನೆಲ್ಲ ಬರೆಯಿರಿ. ಯಾರು ಏನು ಕಂಡರೆಂದು ಮೊದಲು ಹೆಣ್ಣುಮಕ್ಕಳು, ಮಕ್ಕಳು ಹೇಳಲಿ. ಯಜಮಾನರು ಕೊನೆಗೆ ಮಾತಾಡಲಿ. ತಿಂಗಳ ನಂತರ ಗೌರಿ ಹುಣ್ಣಿಮೆ ಬರುತ್ತದೆ. ಆ ವಾರದ ಒಂದು ರವಿವಾರ ಕಡಲೆಯ ಮೊಗ್ಗು, ಹೂಗಳಲ್ಲಿ ಕಾಯಿಕೊರಕದ ಮರಿಹುಳುಗಳಿವೆಯೇ ಎಂದು ನೋಡಲು ಮತ್ತೊಮ್ಮೆ ಹೋಗಿರಿ. ಎಳ್ಳ ಅಮಾವಾಸ್ಯೆಗೆ ಹೇಗೂ ಎರಡನೆಯ ಚರಗವಿದೆ. ಮೂರೂ ಸಲದ ಲೆಕ್ಕ ಒಂದೇ ವಹಿಯಲ್ಲಿದ್ದರೆ, ಸುಗ್ಗಿಯಲ್ಲಿ ಇಳುವರಿ ಏಕೆ ಹೆಚ್ಚಿತು, ಏಕೆ ಕುಗ್ಗಿತು ಎಂಬುದು ಸ್ಪಷ್ಟವಾಗುತ್ತದೆ.

ವಿಸ್ತರಣಾ ಕಾರ್ಯಕರ್ತರು ಹುಣ್ಣಿಮೆಗೆ ಹತ್ತು ದಿನ ಮೊದಲೇ ಊರಿನ ಶಾಲೆ, ಸ್ತ್ರೀಶಕ್ತಿ ಸಂಘಗಳಲ್ಲಿ ಈ ವಿಷಯ ತಿಳಿಸಿ, ಒಂದೆರಡು ಹೊಲಗಳಲ್ಲಿ ತಾವೇ ಕೋಲು ಹಿಡಿದು ಎಣಿಸಿ ತೋರಿಸಬೇಕು. ಹಬ್ಬದ ದಿನ ಭಾಷಣ ಬೇಡ. ಹುಳು ಅಥವಾ ರೋಗದ ಗುರುತು ಸಿಗದಿದ್ದರೆ ರೈತರು ಮಾದರಿಯನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕಾಗಲಿ, ಧಾರವಾಡದ ಸೈದಾಪುರದಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ ಒಯ್ದು ಕೇಳಬಹುದು.

ಭೂತಾಯಿಗೆ ಬಯಕೆಯ ಊಟ ಬಡಿಸಿದ ಮೇಲೆ ಆಕೆಯ ಯೋಗಕ್ಷೇಮ ವಿಚಾರಿಸುವುದೂ ನಮ್ಮದೇ ಕೆಲಸ. ಈ ಸಲದ ಬುತ್ತಿಯ ಜೊತೆಗೆ ಒಂದು ವಹಿಯೂ ಹೊಲಕ್ಕೆ ಬರಲಿ.