ಮಗ್ಗದ ಮನೆಯ ಶ್ರುತಿ

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ನಾಲ್ಕು ಪವರ್‌ಲೂಮ್‌ಗಳಿದ್ದವು. ಕರೆಂಟು ಹೋದಾಗಲೇ ನಮಗೆ ಒಬ್ಬರ ಮಾತು ಒಬ್ಬರಿಗೆ ಸರಿಯಾಗಿ ಕೇಳುತ್ತಿದ್ದದ್ದು. ಓದಲೆಂದು ಬೆಂಗಳೂರಿಗೆ ಬಂದ ಮೊದಲ ವಾರ ಹಾಸ್ಟೆಲಿನ ನಿಶ್ಶಬ್ದದಲ್ಲಿ ನನಗೆ ನಿದ್ದೆಯೇ ಹತ್ತಲಿಲ್ಲ.

ಎಲೆಕ್ಟ್ರಾನಿಕ್ ಸಂಗೀತದ ಹುಚ್ಚು ಹಿಡಿದದ್ದು ಆ ಹಾಸ್ಟೆಲಿನಲ್ಲೇ. ಕೆಲಸ ಸಿಕ್ಕ ಮೇಲೆ ಸಂಬಳ ಕೀಬೋರ್ಡು, ಸಾಫ್ಟ್‌ವೇರುಗಳಿಗೆ ಹೋಯಿತು. ಬರ್ಲಿನ್, ಡೆಟ್ರಾಯಿಟ್‌ನವರ ಹಾಗೆ ಕೇಳಬೇಕೆಂದು ಒಂದರ ಮೇಲೊಂದು ಇಪ್ಪತ್ತು ಟ್ರ್ಯಾಕ್ ಹೇರುತ್ತಿದ್ದೆ. ಯಾವುದರಲ್ಲೂ ಜೀವ ಇರಲಿಲ್ಲ.

ನನ್ನ ದಿಕ್ಕು ಬದಲಿಸಿದ್ದು ಚರಣ್‌ಜಿತ್ ಸಿಂಗ್. ಮುಂಬೈ ಸಿನಿಮಾ ಸಂಗೀತದಲ್ಲಿ ನುಡಿಸುತ್ತಿದ್ದ ಅವರು 1982ರಲ್ಲಿ ಜಪಾನಿನ ರೋಲೆಂಡ್ ಕಂಪನಿಯ ಮೂರು ಯಂತ್ರ ಇಟ್ಟುಕೊಂಡು ಹತ್ತು ರಾಗಗಳ ಒಂದು ಆಲ್ಬಮ್ ಮಾಡಿದರು. ಆಗ ಹೆಚ್ಚು ಜನ ಕೇಳಲಿಲ್ಲ. 2010ರಲ್ಲಿ ಮರುಬಿಡುಗಡೆಯಾದಾಗ ಜಗತ್ತೇ ಬೆರಗಾಯಿತು. ಆ ಮೂರು ಯಂತ್ರಗಳಲ್ಲಿ ಒಂದು ಟಿಆರ್-808 ಎಂಬ ತಾಳಯಂತ್ರ. ಅದರಲ್ಲಿ ಸಾಲಾಗಿ 16 ಗುಂಡಿಗಳು. ಒತ್ತಿದ ಕಡೆ ಪೆಟ್ಟು ಬೀಳುತ್ತದೆ, ಬಿಟ್ಟ ಕಡೆ ಖಾಲಿ, ಮುಗಿದರೆ ಮತ್ತೆ ಮೊದಲಿನಿಂದ. ಅದರ ಚಿತ್ರ ನೋಡುತ್ತ ಕೂತಿದ್ದಾಗ ಥಟ್ಟನೆ ಹೊಳೆಯಿತು: ಇದು ನಮ್ಮ ಮಗ್ಗದ ಜಕಾರ್ಡಿನ ಕಾರ್ಡು! ತೂತಿದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಕೆಳಗೇ ಉಳಿಯುತ್ತದೆ. ಹೊಲಿದು ಸರಪಳಿ ಮಾಡಿದ ಕಾರ್ಡುಗಳು ಸುತ್ತಿ ಬಂದ ಹಾಗೆ ಸೀರೆಯಲ್ಲಿ ಅದೇ ಹೂ ಮತ್ತೆ ಅರಳುತ್ತದೆ. ಚಿಕ್ಕಂದಿನಿಂದ ನೋಡಿದ್ದನ್ನೇ ನಾನು ಪರದೇಶದಲ್ಲಿ ಹುಡುಕುತ್ತಿದ್ದೆ.

ಊರಿಗೆ ಹೋದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಸಿಗುವ ಪೀಜೋ ಬಿಲ್ಲೆಗೆ ತಂತಿ ಬೆಸೆದು ಮಗ್ಗದ ಚೌಕಟ್ಟಿಗೆ ಟೇಪಿನಲ್ಲಿ ಅಂಟಿಸಿದೆ. ಗಾಳಿಯಲ್ಲಿ ಬರುವ ಸದ್ದು ಅದಕ್ಕೆ ಹೆಚ್ಚುಕಡಿಮೆ ತಟ್ಟುವುದೇ ಇಲ್ಲ, ಕಬ್ಬಿಣದ ನಡುಕವನ್ನಷ್ಟೇ ಹಿಡಿಯುತ್ತದೆ. ಮೊದಲ ರೆಕಾರ್ಡಿಂಗ್ ತಗಡು ಬಡಿದ ಹಾಗೆ ತೆಳುವಾಗಿತ್ತು. ಬಿಲ್ಲೆಯನ್ನು ಮೈಕಿನ ಕಿಂಡಿಗೆ ಚುಚ್ಚಿದ್ದೇ ತಪ್ಪು. ಅದಕ್ಕೆ ಗಿಟಾರಿನ ಕಿಂಡಿಯಂತೆ ಹತ್ತು ಲಕ್ಷ ಓಮ್‌ನಷ್ಟು ರೋಧ ಬೇಕು, ಇಲ್ಲದಿದ್ದರೆ ಕೆಳಗಿನ ಸ್ವರಗಳೆಲ್ಲ ಸೋರಿಹೋಗುತ್ತವೆ. ಕಿಂಡಿ ಬದಲಿಸಿದ ಮೇಲೆ, ಅಷ್ಟು ವರ್ಷ ಆ ಮನೆಯಲ್ಲಿದ್ದೂ ನಾನು ಕೇಳಿರದ ಒಂದು ಮಂದ್ರ ನಾದ ಎದ್ದು ಬಂತು.

ಅದರ ಅಡಿಯಲ್ಲಿ ಮೋಟಾರಿನ ಗುಂಯ್‌ಗುಡುವಿಕೆ ಇತ್ತು. ಕೊಳೆಯೆಂದು ತಿಂಗಳುಗಟ್ಟಲೆ ಫಿಲ್ಟರ್ ಹಾಕಿ ಅದನ್ನು ತೊಳೆದೆ. ತೊಳೆದಷ್ಟೂ ಸಂಗೀತ ಸೊರಗುತ್ತಿತ್ತು. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಅತ್ತಿತ್ತ ಹರಿಯುತ್ತದೆ, ಅದರ ಎರಡರಷ್ಟು, 100 ಹರ್ಟ್ಸ್‌ನಲ್ಲಿ ಮೋಟಾರು ಗುನುಗುತ್ತದೆ. ಕೊನೆಗೊಂದು ರಾತ್ರಿ ಫಿಲ್ಟರ್ ಕಿತ್ತು ಆ 100ನ್ನೇ ಷಡ್ಜವೆಂದು ಹಿಡಿದೆ, ಉಳಿದದ್ದನ್ನೆಲ್ಲ ಅದಕ್ಕೆ ಶ್ರುತಿ ಮಾಡಿದೆ. ವಿದ್ಯುತ್ ಜಾಲದ ಮೇಲಿನ ಹೊರೆ ಏರಿಳಿದಂತೆ ಷಡ್ಜವೂ ಒಂದು ಕೂದಲೆಳೆಯಷ್ಟು ಸರಿಯುತ್ತದೆ. ಆ ಸರಿದಾಟ ನನಗೆ ಪ್ರಾಣಕ್ಕಿಂತ ಇಷ್ಟ.

ಮೊದಲ ಕೇಳುಗ ಅಪ್ಪ. ಹೆಡ್‌ಫೋನ್ ಹಾಕಿ ಕೂರಿಸಿದೆ. ಅರ್ಧ ನಿಮಿಷವಾಗಿಲ್ಲ, "ಲಾಳಿ ತಡ ಮಾಡ್ತೈತಲ್ಲೋ, ಹಿಂಗಾದ್ರೆ ಎಳೆ ಎಲ್ಲ ಕಿತ್ತೋಗ್ತವೆ" ಅಂದರು. ಪರೀಕ್ಷಿಸಿದರೆ, ಲೂಪ್ ಕತ್ತರಿಸುವಾಗ ಕೊನೆಯಲ್ಲಿ ಸೆಕೆಂಡಿನ ನೂರರಲ್ಲಿ ಮೂರು ಭಾಗದಷ್ಟು ಖಾಲಿ ಬಿಟ್ಟಿದ್ದೆ. ಮೂವತ್ತು ವರ್ಷ ಸದ್ದಿನಿಂದಲೇ ಮಗ್ಗದ ಆರೋಗ್ಯ ನೋಡಿದ ಕಿವಿ ಅದು. ಅಂದಿನಿಂದ ಏನು ಮಾಡಿದರೂ ಮೊದಲು ಅವರಿಗೆ ಕೇಳಿಸುತ್ತೇನೆ.

ಹದಿನಾಲ್ಕು ನಿಮಿಷದ ಆ ಕೃತಿಯನ್ನು ಒಂದು ವಿತರಣಾ ಸಂಸ್ಥೆ ಬರೀ ಗದ್ದಲವೆಂದು ತಿರಸ್ಕರಿಸಿತು. ನಾನು ಹೆದರಿ ನಾಲ್ಕು ನಿಮಿಷಕ್ಕೆ ಕತ್ತರಿಸಿದೆ. ಆ ಕತ್ತರಿಗೆ ಇವತ್ತಿಗೂ ನೋಯುತ್ತೇನೆ. ಆಮೇಲೆ ಪೂರ್ತಿ ಕೃತಿಯನ್ನು ಕನ್ನಡದ ಹೆಸರಿನಲ್ಲೇ ಸಂಗೀತ ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣಕ್ಕೆ ಹಾಕಿ, ಯಾವ ಸದ್ದು ಎಲ್ಲಿಯದೆಂದು ನಾಲ್ಕು ಸಾಲು ಬರೆದೆ. ಮೊದಲ ವರ್ಷ ಕೊಂಡವರು 31 ಮಂದಿ. ಅಲ್ಲಿ ಒಬ್ಬರು ಕೊಂಡದ್ದು ಇನ್ನೊಬ್ಬರಿಗೆ ಕಾಣುತ್ತದೆ, ಹಾಗಾಗಿ ಕೇಳುಗರ ಬೆನ್ನು ಹಿಡಿದು ನಾನೂ ಹೊಸ ಸಂಗೀತಗಾರರನ್ನು ಕಂಡುಕೊಂಡೆ. ಇಷ್ಟವಾದವರಿಗೆ ಪತ್ರ ಬರೆದೆ, ನನ್ನದನ್ನು ಕೇಳಿ ಎಂದಲ್ಲ, ಅವರ ಯಾವ ಕ್ಷಣ ನನ್ನನ್ನು ಹಿಡಿದಿಟ್ಟಿತು ಎಂದು. ಹೆಚ್ಚಿನವರು ಉತ್ತರಿಸಿದರು.

ಹುಡುಕುವವರಿಲ್ಲದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದಾಗಲೆಲ್ಲ ಅಹಮದಾಬಾದ್ ನೆನಪಾಗುತ್ತದೆ. 1969ರಲ್ಲಿ ಅಲ್ಲಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ನೆರವಿನಿಂದ ಮೂಗ್ ಸಿಂಥಸೈಜರ್ ಇಟ್ಟ ಸ್ಟುಡಿಯೊ ಶುರುವಾಯಿತು. ಗೀತಾ ಸಾರಾಭಾಯಿ, ಜಿನರಾಜ್ ಜೋಶಿಪುರ, ಎಸ್.ಸಿ. ಶರ್ಮಾ ಮೊದಲಾದವರು ಅಲ್ಲಿ ಮಾಡಿದ ಟೇಪುಗಳು ದಶಕಗಟ್ಟಲೆ ಕಪಾಟಿನಲ್ಲಿದ್ದವು. ಪಾಲ್ ಪುರ್ಗಾಸ್ ಎಂಬ ಕಲಾವಿದ ಹುಡುಕಿ ತೆಗೆದಿದ್ದರಿಂದ 2023ರಲ್ಲಿ ಆಲ್ಬಮ್ಮಾಗಿ ಹೊರಬಂದವು.

ಈಗ ನಮ್ಮ ಪಕ್ಕದ ಬೀದಿಗೆ ರೇಪಿಯರ್ ಮಗ್ಗ ಬಂದಿದೆ. ಅದರಲ್ಲಿ ಲಾಳಿ ಇಲ್ಲ. ಈ ವಾರ ಎರಡು ಸಲ ಬಿಲ್ಲೆ ಅಂಟಿಸಿ ಬಂದೆ. ಷಡ್ಜ ಅದೇ. ಲಯ ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ಭಾನುವಾರ ಅಪ್ಪನನ್ನೂ ಕರೆದುಕೊಂಡು ಹೋಗಬೇಕು.