ಬ್ಯಾಕಪ್ ಇದ್ದರೆ ಸಾಲದು, ತೆರೆದು ನೋಡಿ

2017ರ ಜನವರಿ 31ರ ರಾತ್ರಿ, ತಂತ್ರಾಂಶಗಳ ಕೋಡ್ ಇಟ್ಟುಕೊಳ್ಳುವ ತಾಣ ಗಿಟ್‌ಲ್ಯಾಬ್‌ನ ಎಂಜಿನಿಯರೊಬ್ಬರು ಬೇರೊಂದು ಸರ್ವರ್ ಎಂದುಕೊಂಡು ಮುಖ್ಯ ಡೇಟಾಬೇಸನ್ನೇ ಅಳಿಸತೊಡಗಿದರು. ತಪ್ಪು ಹೊಳೆದು ತಡೆಯುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ.

ಬ್ಯಾಕಪ್ ಇರಲಿಲ್ಲವೇ? ವ್ಯವಸ್ಥೆಯೇನೋ ಇತ್ತು, ಫೈಲುಗಳಿರಲಿಲ್ಲ. ಡೇಟಾಬೇಸ್ ಹೊಸ ಆವೃತ್ತಿಯದು, ಪ್ರತಿ ತೆಗೆಯುವ ತಂತ್ರಾಂಶ ಹಳೆಯದು. ಹಾಗಾಗಿ ಆ ಕೆಲಸ ಸದ್ದಿಲ್ಲದೆ ಕೆಡುತ್ತಿತ್ತು. ಎಚ್ಚರಿಸಬೇಕಿದ್ದ ಇಮೇಲ್‌ಗಳೂ ತಲುಪುತ್ತಿರಲಿಲ್ಲ. ಸುಮಾರು ಆರು ಗಂಟೆ ಮೊದಲು ಬೇರೊಂದು ಕೆಲಸಕ್ಕೆಂದು ತೆಗೆದಿಟ್ಟಿದ್ದ ಪ್ರತಿಯೇ ಕೊನೆಗೆ ಕೈಹಿಡಿಯಿತು. ಇದನ್ನೆಲ್ಲ ಕಂಪನಿ ಮುಚ್ಚಿಡದೆ ಜಗತ್ತಿಗೆ ತಿಳಿಸಿದ್ದು ದೊಡ್ಡ ಗುಣ.

ಕೋಡ್ ಬರೆಯುವವರಿಗಷ್ಟೇ ಅಲ್ಲ, ಮೊಬೈಲಿನಲ್ಲಿ ಮಕ್ಕಳ ಫೋಟೊ ಇಟ್ಟುಕೊಂಡವರಿಗೂ ಬ್ಯಾಕಪ್ ತೆರೆದು ನೋಡಬೇಕೆಂಬ ಮಾತು ಅನ್ವಯಿಸುತ್ತದೆ. ಬರುವ ಭಾನುವಾರ ನಿಮ್ಮ ಬ್ಯಾಕಪ್‌ನಿಂದ ಒಂದು ಫೈಲನ್ನಾದರೂ ಬೇರೆ ಕಂಪ್ಯೂಟರಿಗೆ ಮರಳಿ ತಂದು, ತೆರೆಯುತ್ತದೆಯೇ ನೋಡಿ.