ಹಸಿರಾಗಿದ್ದೂ ಗೊಡ್ಡಾದ ತೊಗರಿ

ಮುಂಗಾರಿನಲ್ಲಿ ಸಜ್ಜೆಯ ನಡುವೆ ಅಕ್ಕಡಿಯಾಗಿ ಬಿತ್ತಿದ ತೊಗರಿಯು, ಸಜ್ಜೆಯ ಕೊಯ್ಲು ಮುಗಿದ ಮೇಲೆ ಹೊಲವನ್ನೆಲ್ಲ ತನ್ನದನ್ನಾಗಿ ಮಾಡಿಕೊಂಡು ಬೆಳೆಯುವ ನೋಟ ಕುಷ್ಟಗಿ, ಯಲಬುರ್ಗಾ, ಕೊಪ್ಪಳದ ಸೀಮೆಯವರಿಗೆ ಹೊಸದಲ್ಲ. ಗಂಗಾವತಿಯ ಕಾಲುವೆಯ ಪ್ರದೇಶದಲ್ಲಿ ಬತ್ತವೇ ಪ್ರಧಾನವಾದರೂ ಅಲ್ಲಿಯೂ ಬದುವಿನ ಮೇಲೆ, ಹಿತ್ತಲಿನಲ್ಲಿ ನಾಲ್ಕು ತೊಗರಿ ಗಿಡಗಳು ಕಾಣದೆ ಇರುವುದಿಲ್ಲ. ಚಳಿಗಾಲ ಕಾಲಿಡುವ ವೇಳೆಗೆ ಗಿಡಗಳು ಹಳದಿ ಹೂ ತಳೆದು, ಕಾಯಿ ಕಟ್ಟಿ, ಎಲೆ ಉದುರಿಸಿ ಒಣಗತೊಡಗುತ್ತವೆ. ಆಗ ಅಲ್ಲೊಂದು ಇಲ್ಲೊಂದು ಗಿಡ ಮಾತ್ರ ಪೊದೆಯಂತೆ ಕವಲೊಡೆದು ಹಸಿರಾಗಿಯೇ ನಿಂತಿರುತ್ತದೆ. ದೂರದಿಂದ ನೋಡಿದವರು ಹೊಲದಲ್ಲೆಲ್ಲ ಅದೇ ಆರೋಗ್ಯವಾದ ಗಿಡವೆಂದು ಭಾವಿಸಬಹುದು. ಹತ್ತಿರ ಹೋಗಿ ನೋಡಿದರೆ ಅದರಲ್ಲಿ ಹೂವಿಲ್ಲ, ಕಾಯಿಯಿಲ್ಲ. ಇದಕ್ಕೆ ಗೊಡ್ಡು ರೋಗವೆಂದು ಹೆಸರು. ಈಯದ ಎಮ್ಮೆಗೆ ಹೇಳುವ ಮಾತನ್ನೇ ನಮ್ಮ ಜನ ಕಾಯಿ ಕಟ್ಟದ ಗಿಡಕ್ಕೂ ಹೇಳಿದ್ದಾರೆ.

ಈ ಲೇಖಕನು ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಕಲಿಸುವವನು. ಯಲಬುರ್ಗಾ ತಾಲ್ಲೂಕಿನ ವಿದ್ಯಾರ್ಥಿಯೊಬ್ಬನು ಒಂದು ದಿನ ಇಂಥ ಗಿಡದ ಕೊಂಬೆಯೊಂದನ್ನು ತಂದು ಮೇಜಿನ ಮೇಲಿಟ್ಟನು. ಬೀಜವೇ ಕೆಟ್ಟದ್ದೆಂದು ಅವನ ತಂದೆಯವರ ವಾದ. ಭೂಮಿ ಬಳಲಿದೆಯೆಂದು ದೊಡ್ಡಪ್ಪನವರ ವಾದ. ಯಾವುದು ಸರಿಯೆಂದು ಅವನು ಕೇಳಿದನು. ಉತ್ತರವನ್ನು ಹುಡುಕುತ್ತ ಹೋದಾಗ ಎರಡೂ ಸರಿಯಲ್ಲವೆಂದು ತಿಳಿಯಿತು. ಅಷ್ಟೇ ಅಲ್ಲ, ನಿಜವಾದ ಕಾರಣವನ್ನು ಕಂಡುಹಿಡಿಯಲು ವಿಜ್ಞಾನಿಗಳಿಗೇ ಸುಮಾರು 70 ವರ್ಷ ಹಿಡಿಯಿತೆಂಬುದೂ ತಿಳಿಯಿತು.

ರೋಗದ ಲಕ್ಷಣಗಳು

ಗೊಡ್ಡು ರೋಗ ತಗುಲಿದ ಗಿಡದ ಎಲೆಗಳು ಚಿಕ್ಕವಾಗುತ್ತವೆ. ಅವುಗಳಲ್ಲಿ ತಿಳಿ ಹಸಿರು ಮತ್ತು ಕಡು ಹಸಿರು ಬಣ್ಣಗಳು ತೇಪೆ ಹಾಕಿದಂತೆ ಬೆರೆತಿರುತ್ತವೆ. ಬಣ್ಣಬಣ್ಣದ ಕಲ್ಲುಚೂರುಗಳನ್ನು ಕೂಡಿಸಿದ ನೆಲಗಟ್ಟಿನಂತೆ ಕಾಣುವುದರಿಂದ ಈ ಬಗೆಯ ಚಿಹ್ನೆಗೆ ಮೊಸಾಯಿಕ್ ಎಂದು ಹೆಸರಿಟ್ಟಿದ್ದಾರೆ. ಗಿಡವು ಗಿಡ್ಡಾಗಿ ಪೊದೆಯಾಗುತ್ತದೆ. ಬಿತ್ತಿದ 45 ದಿನಗಳೊಳಗೆ ರೋಗ ಬಂದರೆ ಹೆಚ್ಚುಕಡಿಮೆ ಇಡೀ ಫಸಲೇ ಹೋದಂತೆ. 95ರಿಂದ 100 ಪಾಲು ನಷ್ಟವೆಂದು ಲೆಕ್ಕ ಹಾಕಿದ್ದಾರೆ. ತಡವಾಗಿ ಬಂದರೆ ಕೆಲವು ಕೊಂಬೆಗಳಷ್ಟೇ ಗೊಡ್ಡಾಗಿ, ಉಳಿದವು ಅಷ್ಟಿಷ್ಟು ಕಾಯಿ ಕೊಡುತ್ತವೆ. ಭಾರತದಲ್ಲಿ ಈ ರೋಗದಿಂದ ವರ್ಷಕ್ಕೆ ಸುಮಾರು 2,05,000 ಟನ್ ಕಾಳು ನಷ್ಟವಾಗುತ್ತದೆಂದು 1984ರಲ್ಲಿ ಪ್ರಕಟವಾದ ಒಂದು ಅಂದಾಜು ತಿಳಿಸಿತು.

ಗಿಡವು ಸಾಯುವುದಿಲ್ಲವೆಂಬುದೇ ಇಲ್ಲಿಯ ವಿಶೇಷ. ಕಾಯಿಗೆ ಸಲ್ಲಬೇಕಾದ ಸಾರವು ಎಲೆ ಕೊಂಬೆಗಳಿಗೇ ಸಲ್ಲುತ್ತ ಅದು ಹಸಿರಾಗಿ ಉಳಿಯುತ್ತದೆ. ಹಸಿರಾಗಿ ಉಳಿದಷ್ಟು ಕಾಲವೂ ಅದು ರೋಗದ ಉಗ್ರಾಣವಾಗಿರುತ್ತದೆ.

ಮೂರು ಹೆಜ್ಜೆ

ಈ ರೋಗವನ್ನು ಮೊದಲು ದಾಖಲಿಸಿದವರು ಬಿಹಾರದ ಪೂಸಾದಲ್ಲಿದ್ದ ಮಿತ್ರ ಎಂಬ ವಿಜ್ಞಾನಿ, ಅದು 1931ರಲ್ಲಿ. 1952ರಲ್ಲಿ ಕಪೂರ್ ಅವರು ರೋಗದ ಗಿಡದ ಕೊಂಬೆಯನ್ನು ಆರೋಗ್ಯವಾದ ಗಿಡಕ್ಕೆ ಕಸಿ ಮಾಡಿ, ರೋಗವು ಹಾಗೆ ದಾಟಬಲ್ಲದೆಂದು ತೋರಿಸಿದರು. ಅಂದಮೇಲೆ ಇದು ಭೂಮಿಯ ಬಳಲಿಕೆಯಲ್ಲ, ಅಂಟುವ ರೋಗ. ಬೂಷ್ಟಾಗಲಿ ಬ್ಯಾಕ್ಟೀರಿಯವಾಗಲಿ ಕಣ್ಣಿಗೆ ಬೀಳದ ಕಾರಣ, ಇದು ವೈರಸ್ಸೇ, ಅಂದರೆ ನಂಜೇ, ಇರಬೇಕೆಂಬ ಊಹೆ ಬಲವಾಯಿತು. 1962ರಲ್ಲಿ ಸೇಠ್ ಅವರು ರೋಗವನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಒಂದು ನುಸಿಯೆಂದು ಕಂಡುಕೊಂಡರು.

ತೆಂಗಿನಕಾಯಿಯ ಮೇಲೆ ಕಂದು ಗಾಯ ಮಾಡುವ ನುಸಿಯ ಹೆಸರನ್ನು ವಾಚಕರು ಕೇಳಿರಬಹುದು. ತೊಗರಿಯ ನುಸಿಯೂ ಅದೇ ಕುಲದ್ದು. ಇದನ್ನು ವಿವರಿಸಿ, 1966ರಲ್ಲಿ 'ಅಸೀರಿಯ ಕಜಾನಿ' ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟವರು ಬೆಂಗಳೂರಿನ ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದ ಜಿ. ಪಿ. ಚನ್ನಬಸವಣ್ಣನವರು. ನುಸಿಯು ಕೀಟವಲ್ಲ, ಜೇಡ, ಚೇಳುಗಳ ಬಳಗಕ್ಕೆ ಸೇರಿದ್ದು. ಆ ಬಳಗಕ್ಕೆ ಸಾಮಾನ್ಯವಾಗಿ ಎಂಟು ಕಾಲು. ಈ ನುಸಿಗೆ ನಾಲ್ಕೇ. ಉದ್ದ ಸುಮಾರು 0.2 ಮಿಲಿಮೀಟರ್. ಎಲೆಯ ಕೆಳಭಾಗದಲ್ಲಿ ಕುಳಿತು ರಸ ಹೀರುತ್ತದೆ. ಹೀರುವ ಸೂಜಿಯ ಉದ್ದವು ಮಿಲಿಮೀಟರಿನ ಸಾವಿರದಲ್ಲಿ ಎರಡು ಪಾಲು ಮಾತ್ರವಾದ್ದರಿಂದ ಅದು ಎಲೆಯ ಮೇಲ್ಪೊರೆಯ ಕೋಶಗಳನ್ನಷ್ಟೇ ಚುಚ್ಚಬಲ್ಲದು. ತೊಗರಿ ಮತ್ತು ಅದರ ಕೆಲವು ಕಾಡು ಸಂಬಂಧಿಗಳ ಹೊರತು ಬೇರೆ ಗಿಡಗಳಲ್ಲಿ ಅದು ಬಾಳಲಾರದು.

ರೆಕ್ಕೆಯಿಲ್ಲದ ಈ ಜೀವಿ ಹೊಲದಿಂದ ಹೊಲಕ್ಕೆ ಹೋಗುವುದು ಹೇಗೆ? ಇಲ್ಲಿ ಭೌತವಿಜ್ಞಾನದ ಒಂದು ಸರಳ ನಿಯಮವು ಕೆಲಸ ಮಾಡುತ್ತದೆ. ಒಂದು ವಸ್ತುವಿನ ಉದ್ದ, ಅಗಲ, ಎತ್ತರಗಳನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದರೆ ಅದರ ಮೇಲ್ಮೈಯು ನೂರರಲ್ಲಿ ಒಂದು ಪಾಲಾಗುತ್ತದೆ. ತೂಕವಾದರೋ ಸಾವಿರದಲ್ಲಿ ಒಂದು ಪಾಲಾಗುತ್ತದೆ. ಎಂದರೆ, ಗಾತ್ರ ಕಿರಿದಾದಷ್ಟೂ ಕೆಳಗೆಳೆಯುವ ಭಾರಕ್ಕಿಂತ ಗಾಳಿಯ ತಡೆ ಮೇಲುಗೈಯಾಗುತ್ತದೆ. ರಾಶಿ ತೂರುವಾಗ ಕಾಳು ನೆಟ್ಟಗೆ ಬೀಳುತ್ತದೆ, ಹೊಟ್ಟು ದೂರ ಹಾರುತ್ತದೆ. ನುಸಿಯ ಪಾಲಿಗೆ ಗಾಳಿಯೇ ಬಂಡಿ.

2002ರಲ್ಲಿ ಪ್ರಕಟವಾದ ಪ್ರಯೋಗಗಳು ಈ ನುಸಿಯ ಸಾಮರ್ಥ್ಯವನ್ನು ಅಳೆದವು. ರೋಗದ ಎಲೆಯ ಮೇಲೆ 15 ನಿಮಿಷ ಕುಳಿತರೆ ಸಾಕು, ನಂಜು ಅದಕ್ಕೆ ದೊರೆಯುತ್ತದೆ. ಆರೋಗ್ಯದ ಎಲೆಯ ಮೇಲೆ 90 ನಿಮಿಷ ಕುಳಿತರೆ ಅದನ್ನು ದಾಟಿಸುತ್ತದೆ. ಒಂದೇ ನುಸಿಯನ್ನು ಬಿಟ್ಟಾಗ ನೂರಕ್ಕೆ 53ರವರೆಗೆ ಗಿಡಗಳಿಗೆ ರೋಗ ಬಂದಿತು. ಗಿಡವೊಂದಕ್ಕೆ ಐದಕ್ಕಿಂತ ಹೆಚ್ಚು ನುಸಿಗಳಿದ್ದಾಗ ಒಂದು ಗಿಡವೂ ಪಾರಾಗಲಿಲ್ಲ. ನಂಜನ್ನು ನುಸಿಯು ತನ್ನ ಮೊಟ್ಟೆಗಳಿಗೆ ಮಾತ್ರ ದಾಟಿಸುವುದಿಲ್ಲ. ಪ್ರತಿಯೊಂದು ಮರಿಯೂ ರೋಗದ ಗಿಡದಿಂದಲೇ ಹೊಸದಾಗಿ ನಂಜನ್ನು ಪಡೆಯಬೇಕು. ರೋಗದ ಗಿಡವೇ ಇಲ್ಲದಿದ್ದರೆ ನುಸಿಯ ಕೈ ಬರಿದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಕಾಣದ ಕಾರಣ

ನುಸಿ ಸಿಕ್ಕಿತು, ಆದರೆ ಅದು ಹೊತ್ತ ನಂಜು ಇನ್ನೂ ಸುಮಾರು ನಾಲ್ಕು ದಶಕ ಯಾರ ಕೈಗೂ ಸಿಕ್ಕಲಿಲ್ಲ. ಕಾರಣವನ್ನು ತಿಳಿಯಲು ಬೆಳಕಿನ ಗುಣವನ್ನು ನೆನೆಯಬೇಕು. ಬೆಳಕಿನ ಅಲೆಯ ಉದ್ದವು ಸುಮಾರು 400ರಿಂದ 700 ನ್ಯಾನೊಮೀಟರ್. ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ನ್ಯಾನೊಮೀಟರ್. ಸುಮಾರು 200 ನ್ಯಾನೊಮೀಟರಿಗಿಂತ ಕಿರಿದಾದ ವಿವರಗಳನ್ನು ಸಾಮಾನ್ಯ ಸೂಕ್ಷ್ಮದರ್ಶಕವು, ಮಸೂರ ಎಷ್ಟೇ ಚೆನ್ನಾಗಿದ್ದರೂ, ಬಿಡಿಸಿ ತೋರಿಸಲಾರದು. ಪೂಸಾದಲ್ಲಿ ಈ ರೋಗ ದಾಖಲಾದ 1931ರಲ್ಲಿಯೇ ಬರ್ಲಿನ್ನಿನಲ್ಲಿ ನಾಲ್ ಮತ್ತು ರುಸ್ಕಾ ಎಂಬವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೊದಲ ಮಾದರಿಯನ್ನು ಕಟ್ಟಿದರು. ವೇಗವಾಗಿ ಓಡುವ ಎಲೆಕ್ಟ್ರಾನುಗಳ ಅಲೆಯುದ್ದ ಬೆಳಕಿನದಕ್ಕಿಂತ ಸಾವಿರಾರು ಪಟ್ಟು ಕಿರಿದು. ಈ ಯಂತ್ರದಿಂದ ಹಲವಾರು ವೈರಸ್ಸುಗಳು ಕಣ್ಣಿಗೆ ಬಿದ್ದವು; ತೊಗರಿಯ ನಂಜು ಮಾತ್ರ ತಪ್ಪಿಸಿಕೊಂಡಿತು. ಯಂತ್ರ ಎಷ್ಟೇ ಸೂಕ್ಷ್ಮವಾದರೂ ಅದರ ಮುಂದೆ ಇಡುವ ವಸ್ತುವನ್ನು ಮೊದಲು ಎಲೆಯ ರಸದಿಂದ ಕೆಡದಂತೆ ಬೇರ್ಪಡಿಸಬೇಕಷ್ಟೆ.

ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ಈ ಕಾರ್ಯವನ್ನು ಬಿಡದೆ ನಡೆಸಿದರು. ಅಲ್ಲಿಯ ನೆನೆ ಮತ್ತು ರೆಡ್ಡಿಯವರು 1976ರಲ್ಲಿ ಒಂದು ಸುಲಭೋಪಾಯವನ್ನು ಹೂಡಿದರು. ನುಸಿಯಿರುವ ರೋಗದ ಎಲೆಯನ್ನು ಸಸಿಯ ಎಲೆಗೆ, ಕಚೇರಿಯಲ್ಲಿ ಕಾಗದಗಳನ್ನು ಸೇರಿಸುವಂತೆ, ಸ್ಟೇಪ್ಲರಿನಿಂದ ಪಿನ್ನು ಹೊಡೆದು ಸೇರಿಸುವುದು. ಎಲೆ ಒಣಗಿದಂತೆ ನುಸಿಗಳು ಸಸಿಗೆ ಇಳಿಯುತ್ತವೆ. ಇದರಿಂದ ಸಾವಿರಾರು ತಳಿಗಳನ್ನು ಒರೆಗೆ ಹಚ್ಚುವುದು ಸಾಧ್ಯವಾಯಿತು. ಕೊನೆಗೆ, 2000ದ ಆಸುಪಾಸಿನಲ್ಲಿ, ಇಕ್ರಿಸ್ಯಾಟಿನ ಲಾವಾ ಕುಮಾರ್ ಮತ್ತು ಸಂಗಡಿಗರು, ಸ್ಕಾಟ್ಲೆಂಡಿನ ಬೆಳೆ ಸಂಶೋಧನಾ ಸಂಸ್ಥೆಯವರೊಡನೆಯೂ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಮುನಿಯಪ್ಪನವರೊಡನೆಯೂ ಕೂಡಿ, ನಂಜನ್ನು ಬೇರ್ಪಡಿಸಿದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದು 3ರಿಂದ 10 ನ್ಯಾನೊಮೀಟರ್ ದಪ್ಪದ, ಬಳುಕುವ ಎಳೆಗಳು. ಗಿಡದ ಕೋಶಗಳೊಳಗೆ ಪೊರೆಯಿಂದ ಆವೃತವಾದ, 100ರಿಂದ 150 ನ್ಯಾನೊಮೀಟರ್ ಅಗಲದ ದುಂಡನೆಯ ಕಾಯಗಳೂ ಕಂಡವು.

ಕುಲ, ಗೋತ್ರ

ವೈರಸ್ಸಿಗೆ ಬಾಯಿಲ್ಲ, ಉಸಿರಿಲ್ಲ, ಕೋಶವೂ ಇಲ್ಲ. ಹಾಗಿರುವಾಗ ಅದನ್ನು ಯಾವ ಲಕ್ಷಣದಿಂದ ವರ್ಗೀಕರಿಸಬೇಕು? ಮೊದಲು ಕೇಳುವ ಪ್ರಶ್ನೆ, ಅದರ ಅನುವಂಶಿಕ ಸೂಚನೆಗಳು ಡಿಎನ್‌ಎಯಲ್ಲಿವೆಯೋ ಆರ್‌ಎನ್‌ಎಯಲ್ಲಿವೆಯೋ ಎಂಬುದು. ಆಮೇಲೆ, ಅವು ಎಷ್ಟು ತುಂಡುಗಳಲ್ಲಿವೆ, ಹೊದಿಕೆ ಹೇಗಿದೆ, ವಾಹಕ ಯಾವುದು ಎಂಬ ಪ್ರಶ್ನೆಗಳು.

ನಮ್ಮ ಹೊಲಗಳ ಹೆಸರಿನ ಬೆಳೆಗೆ ಬರುವ ಹಳದಿ ನಂಜು ರೋಗವನ್ನು ಇದರೊಡನೆ ಹೋಲಿಸಬಹುದು. ಎರಡೂ ದ್ವಿದಳ ಧಾನ್ಯದ ರೋಗಗಳು. ಎರಡರಲ್ಲೂ ಎಲೆಯ ಬಣ್ಣ ಕೆಡುತ್ತದೆ. ಆದರೆ ಹೆಸರಿನ ನಂಜಿನಲ್ಲಿರುವುದು ಡಿಎನ್‌ಎ. ಅದು ಎರಡು ಬಳೆಗಳಾಗಿದ್ದು, ಕಣಗಳು ಅವಳಿ ಕಾಯಿಗಳಂತೆ ಜೋಡಿಯಾಗಿರುತ್ತವೆ. ಒಯ್ಯುವುದು ಬಿಳಿ ನೊಣ. ತೊಗರಿಯ ನಂಜಿನಲ್ಲಿರುವುದು ಆರ್‌ಎನ್‌ಎ. ಅದೂ ನೇರವಾಗಿ ಓದಲು ಬಾರದ ಆರ್‌ಎನ್‌ಎ. ಛಾಯಾಚಿತ್ರದ ನೆಗೆಟಿವಿನಂತೆ ಅದು ತಿರುಗುಮುರುಗಾಗಿದ್ದು, ಅದರಿಂದ ಪಡಿಯಚ್ಚು ತೆಗೆದ ಮೇಲೆಯೇ ಗಿಡದ ಕೋಶಕ್ಕೆ ಅರ್ಥವಾಗುತ್ತದೆ.

2014 ಮತ್ತು 2015ರಲ್ಲಿ ಈ ಆರ್‌ಎನ್‌ಎಯ ಅಕ್ಷರಕ್ರಮವನ್ನು ಓದಿದಾಗ ಇನ್ನೊಂದು ಸಂಗತಿ ಹೊರಬಿದ್ದಿತು: ನಂಜು ಒಂದಲ್ಲ, ಎರಡು. ಒಂದರ ಆರ್‌ಎನ್‌ಎ ಐದು ತುಂಡುಗಳಲ್ಲಿದೆ, ಇನ್ನೊಂದರದು ಆರು ತುಂಡುಗಳಲ್ಲಿ. ಒಂದೇ ಗಿಡದಲ್ಲಿ ಎರಡೂ ಇರುವುದುಂಟು. ಇವೆರಡನ್ನೂ ಫಿಮೋವಿರಿಡೀ ಎಂಬ ಕುಟುಂಬದ ಎಮರಾವೈರಸ್ ಎಂಬ ಜಾತಿಗೆ ಸೇರಿಸಿದ್ದಾರೆ. ಈ ಜಾತಿಯ ಹೆಸರು ಯುರೋಪಿನ ಒಂದು ಮರದ ರೋಗದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಹುಟ್ಟಿತು. ಮೊದಲನೆಯ ನಂಜಿನ ಹೆಸರು 'ಎಮರಾವೈರಸ್ ಕಜಾನಿ'. ಎರಡನೆಯದು 'ಎಮರಾವೈರಸ್ ತೂರ್‌ದಾಲಿ'. ನಮ್ಮ ಅಡಿಗೆಮನೆಯ ತೂರ್ ದಾಲ್, ಅಂದರೆ ತೊಗರಿಬೇಳೆ, ಹೀಗೆ ಜಗತ್ತಿನ ವೈರಸ್ಸುಗಳ ಪಟ್ಟಿಯನ್ನು ಸೇರಿತು.

ಮಾರುತಿಯ ಪಾಠ

ಹೆಸರಿಟ್ಟ ಮಾತ್ರಕ್ಕೆ ರೈತನಿಗೇನು ಪ್ರಯೋಜನವೆಂದು ಕೇಳಬಹುದು. ಇದಕ್ಕೆ ಒಂದು ನಿದರ್ಶನ ಸಾಕು. ತೊಗರಿಗೆ ನೆಟೆ ರೋಗವೆಂಬ ಮತ್ತೊಂದು ಶತ್ರುವಿದೆ; ಅದು ಮಣ್ಣಿನ ಬೂಷ್ಟಿನಿಂದ ಬರುವ ಸೊರಗು ರೋಗ. ಅದನ್ನು ತಡೆಯಬಲ್ಲ ತಳಿಯೊಂದನ್ನು 1986ರಲ್ಲಿ ಕರ್ನಾಟಕದಲ್ಲಿ 'ಮಾರುತಿ' ಎಂಬ ಹೆಸರಿನಿಂದ ಬಿಡುಗಡೆ ಮಾಡಿದರು. ನೆಟೆ ರೋಗದ ಎದುರು ಅದು ಗಟ್ಟಿಯಾಗಿ ನಿಂತಿತು. ಗೊಡ್ಡು ರೋಗಕ್ಕೆ ಮಾತ್ರ ಸುಲಭವಾಗಿ ತುತ್ತಾಗುವ ತಳಿ ಅದು. ವಾಯುಪುತ್ರನ ಹೆಸರು ಹೊತ್ತ ತಳಿಗೆ ವಾಯುವಿನ ಮೂಲಕವೇ ವಿಪತ್ತು! ರೋಗನಿರೋಧಕ ಬೀಜವೆಂದು ಕೊಳ್ಳುವಾಗ ಯಾವ ರೋಗಕ್ಕೆ ನಿರೋಧಕವೆಂದು ಕೇಳಲೇಬೇಕು. 1993ರಲ್ಲಿ ಬಂದ 'ಆಶಾ' ತಳಿಯು ಎರಡು ರೋಗಗಳನ್ನೂ ತಡೆಯುವಂತೆ ಆಯ್ದದ್ದು, ಬಿ.ಎಸ್.ಎಂ.ಆರ್. 736 ಎಂಬುದೂ ಅಂಥದೇ. ಆದರೂ ನಂಜಿನಲ್ಲಿ ಪ್ರಬೇಧಗಳುಂಟು. ಬೆಂಗಳೂರಿನದು ಪಟಾನ್‌ಚೆರುವಿನದಕ್ಕಿಂತ ಉಗ್ರವಾದದ್ದು. ಒಂದೆಡೆ ಗೆದ್ದ ತಳಿ ಇನ್ನೊಂದೆಡೆ ಸೋಲಬಹುದು. ಆದ್ದರಿಂದ ತಮ್ಮ ಸೀಮೆಗೆ ಯಾವುದು ಸರಿಯೆಂದು ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರದಂಥಲ್ಲಿ ವಿಚಾರಿಸಿ ಬಿತ್ತುವುದು ಕ್ಷೇಮ.

ಇನ್ನು ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಈ ನಂಜು ಬೀಜದ ಮೂಲಕ ಬರುವುದಿಲ್ಲ, ಮಣ್ಣಿನಿಂದಲೂ ಬರುವುದಿಲ್ಲ. ಅದಕ್ಕೆ ಹಸಿರು ತೊಗರಿ ಬೇಕು, ನುಸಿ ಬೇಕು. ಬೇಸಗೆಯಲ್ಲಿ ಹೊಲ ಬರಿದಾದಾಗ ಎರಡಕ್ಕೂ ಆಶ್ರಯ ಕೊಡುವುದು ಬಾವಿಯ ಬದಿಯಲ್ಲಿ, ಕಾಲುವೆಯ ಅಂಚಿನಲ್ಲಿ, ಹಿತ್ತಲಿನಲ್ಲಿ ಉಳಿದ ಹಳೆಯ ಗಿಡ ಮತ್ತು ಕೊಯ್ದ ಕೂಳೆಯಿಂದ ಚಿಗುರಿದ ಗಿಡ. ಮುಂಗಾರಿನ ಬಿತ್ತನೆಗೆ ಮುಂಚೆ ಇವನ್ನು ಬೇರುಸಹಿತ ಕಿತ್ತುಹಾಕಬೇಕು. ಬಿತ್ತಿದ ಮೊದಲ ತಿಂಗಳೊಂದೂವರೆಯಲ್ಲಿ ಹೊಲವನ್ನು ಸುತ್ತಿ, ಬಣ್ಣ ಕೆಟ್ಟ ಸಸಿಯನ್ನು ಕಂಡೊಡನೆ ತೆಗೆಯಬೇಕು. ನೆರೆಯವರೂ ಜೊತೆಗೂಡಿದರೇ ಇದು ಫಲಿಸುವುದು. ಗಾಳಿಗೆ ಬದುವಿನ ಗಡಿ ಗೊತ್ತಿಲ್ಲ. ಸಿಂಪಡಿಸುವುದಾದರೆ ಅದು ನುಸಿನಾಶಕವೇ ಆಗಿರಬೇಕು. ಕೀಟಗಳನ್ನು ಕೊಲ್ಲುವ ಔಷಧಿಗಳೆಲ್ಲ ನುಸಿಯನ್ನು ಕೊಲ್ಲುವುದಿಲ್ಲ.

ಆ ವಿದ್ಯಾರ್ಥಿಯ ಮನೆಯವರು ಗೊಡ್ಡು ಗಿಡಗಳನ್ನು ಕಿತ್ತಿರಲಿಲ್ಲ. ತಡವಾಗಿಯಾದರೂ ಕಾಯಿ ಬಂದೀತೆಂಬ ಆಸೆ. ಹಸಿರು ಗಿಡವನ್ನು ಕೀಳಲು ಬೇಸಾಯಗಾರನ ಕೈ ಬಾರದಿರುವುದು ಸಹಜ. ಆದರೆ ಆ ಹಸಿರು ಬರುವ ವರ್ಷದ ಬೆಳೆಯನ್ನು ಉಣ್ಣುವ ಹಸಿರು ಎಂಬುದನ್ನು ಅರಿತ ಮೇಲೆ ಕೈ ತಾನಾಗಿಯೇ ಮುಂದಾಗಬೇಕು.